ಹದಿನೇಳನೇ ಸಾಲು

ನವನಗರ, ಬಾಗಲಕೋಟೆ
ಬುಧವಾರ ರಾತ್ರಿ

ನನ್ನವ್ವಾ,

ಭಾನುವಾರ ನಿನ್ನನ್ನು ಬಿಡಲಿಕ್ಕೆ ಬಸ್ ಸ್ಟ್ಯಾಂಡಿಗೆ ನಾನು ಬರಲಿಲ್ಲ. ನಿಮ್ಮವ್ವ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಆಟೋದಲ್ಲಿ ಇಡುವಾಗ ನಾನು ಒಳಗೆ ಟಿವಿ ಮುಂದೆ ಕೂತಿದ್ದೆ. ಟಿವಿ ಬಂದ್ ಇತ್ತು. ನೀನು ಬಾಗಿಲಲ್ಲಿ ನಿಂತು "ಅಪ್ಪಾ, ಬರ್ತೀನಿ" ಅಂದೆ. ನಾನು "ಹೂಂ" ಅಂದೆ. ಅಷ್ಟೇ. ಮೂರು ದಿನದಿಂದ ಅನ್ನ ಸೇರುತ್ತಿಲ್ಲ.

ಊಟದ ಹೊತ್ತಿನಲ್ಲಿ ನಾನು ಆಡಿದ ಮಾತು ತಪ್ಪು. "ರಾಜಕಾರಣಿಗಳ ಸುಳ್ಳು ಬರೆದು ಪಗಾರ ತಗೋತೀಯೇನು" ಅಂದೆ. ಪಕ್ಷಗಳಿಗೆ ಪ್ರಣಾಳಿಕೆ ಬರೆಯುವ ಕಂಪನಿಯಲ್ಲಿ ಮೊದಲನೇ ನೌಕರಿಗೆ ಹೊರಟ ಮಗಳಿಗೆ ಯಾವ ಅಪ್ಪನೂ ಹಾಗೆ ಅನ್ನಬಾರದು. ನೀನು ತಾಟಿನ ಮುಂದಿಂದ ಎದ್ದು ಹೋದದ್ದು ಸರಿಯೇ ಇತ್ತು.

ಕೊಟ್ಟ ಮಾತು ನಡೆದದ್ದೂ ಉಂಟು ಅಂತ ನೀನು ಕೊಟ್ಟ ಉತ್ತರವೂ ಸರಿ. 2023ರಲ್ಲಿ ಗ್ಯಾರಂಟಿ ಕಾರ್ಡು ಮನೆಗೆ ಬಂದಾಗ "ಇದೆಲ್ಲ ಆಗೋ ಮಾತಲ್ಲ" ಅಂತ ರದ್ದಿಗೆ ಹಾಕಿದವನು ನಾನೇ. ಆ ವರ್ಷವೇ ಜೂನ್ 11ಕ್ಕೆ ಹೆಣ್ಣುಮಕ್ಕಳಿಗೆ ಬಸ್ ಪುಕ್ಕಟೆ ಆಯಿತು. ನಿಮ್ಮವ್ವ ಬನಶಂಕರಿಗೆ ಹೋಗಿ ಬಂದು, ಶೂನ್ಯ ಅಂತ ಬರೆದ ಟಿಕೆಟನ್ನು ನನ್ನ ಅಂಗಿ ಜೇಬಿನಲ್ಲಿ ಇಟ್ಟಳು. ಗೃಹಲಕ್ಷ್ಮಿಯ 2,000 ಅವಳ ಖಾತೆಗೆ ಬಂತು. ಧಾರವಾಡದ ಕೋಚಿಂಗಿಗೆ ಹೋದಾಗ ನಿನ್ನ ರೂಮಿನ ಬಾಡಿಗೆಯನ್ನು ಯುವನಿಧಿಯ 3,000ದಲ್ಲೇ ಕಟ್ಟಿದೆ ಅಂತ ನೀನು ಹೇಳಿದೆಯಲ್ಲ, ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊಟ್ಟ ಮಾತು ಕೆಲವು ಸಲ ನಡೆಯುತ್ತದೆ. ಒಪ್ಪಿದೆ.

ಆದರೂ ನಾನು ಯಾಕೆ ಹಾಗೆ ಸಿಟ್ಟಿಗೆದ್ದೆ ಅನ್ನೋದನ್ನ ನಿನಗೆ ಹೇಳಬೇಕು. ಮುಳುಗಡೆಯ ಕತೆ ಬೇಡ. ಅದು ಮುತ್ಯಾನ ಬಾಯಲ್ಲಿ ಕೇಳಿ ಕೇಳಿ ನಿನಗೆ ಬಾಯಿಪಾಠ. ಆ ಕತೆಯಲ್ಲಿ ನಾನು ಯಾವತ್ತೂ ಹೇಳದೆ ಬಿಟ್ಟ ಒಂದು ತುಣುಕಿದೆ. ನಿಮ್ಮವ್ವನಿಗೂ ಗೊತ್ತಿಲ್ಲ.

1999ರ ಚುನಾವಣೆ. ಲೋಕಸಭೆ, ವಿಧಾನಸಭೆ ಎರಡೂ ಕೂಡಿ ಬಂದಿದ್ದವು. ಆಗಿನ್ನೂ ನಾವು ಹಳೇ ಬಾಗಲಕೋಟೆಯಲ್ಲಿ, ಹೊಳೆ ಕಡೆಯ ಓಣಿಯಲ್ಲಿದ್ದೆವು. ಮನೆ ಗೋಡೆಗಳ ಮೇಲೆ ಸರ್ವೆಯವರು ನಂಬರು ಬರೆದು ಹೋಗಿದ್ದರು. ಇವತ್ತಲ್ಲ ನಾಳೆ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬರ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ನಾನು ಬಿಕಾಂ ಮುಗಿಸಿ ಖಾಲಿ ಕೂತಿದ್ದೆ. ಒಬ್ಬ ಕಾರ್ಯಕರ್ತರು ಓಣಿಗೆ ಬಂದರು. ಯಾವ ಪಕ್ಷ ಅಂತ ಬರೆಯುವುದಿಲ್ಲ, ಅದು ಇಲ್ಲಿ ಮುಖ್ಯವೂ ಅಲ್ಲ. "ಮುಳುಗಡೆ ಆದ ಮನಿಗೊಂದು ಸರ್ಕಾರಿ ನೌಕರಿ. ನಮ್ಮ ಸಾಹೇಬರು ಮಾತು ಕೊಟ್ಟಾರ. ನೀ ಓದಿದ ಹುಡುಗ ಇದ್ದಿ, ಓಣಿದೊಂದು ಪಟ್ಟಿ ಮಾಡಿಕೊಡು" ಅಂದರು.

ನನಗೆ ಎಷ್ಟು ಹೆಮ್ಮೆ ಆಯಿತು ಗೊತ್ತಾ? ಓಣಿಯಲ್ಲಿ ಮೊದಲ ಸಲ ಯಾರೋ ನನ್ನ ಓದಿಗೆ ಬೆಲೆ ಕೊಟ್ಟಿದ್ದರು. ಉದ್ದ ನೋಟ್‌ಬುಕ್ ಕೊಂಡೆ. ಸ್ಕೇಲು ಇಟ್ಟು ಗೆರೆ ಹೊಡೆದೆ. ಮನೆ ನಂಬರು, ಹುಡುಗನ ಹೆಸರು, ಓದು, ವಯಸ್ಸು. ನಾಲ್ಕು ದಿನ ಮನೆ ಮನೆ ತಿರುಗಿದೆ. 41 ಮನೆ. ಮಾರ್ಕ್ಸ್ ಕಾರ್ಡಿನ ಝೆರಾಕ್ಸಿಗೆ ಅಂತ ಮನೆಗಿಷ್ಟು ರೊಕ್ಕವನ್ನೂ ನಾನೇ ಕೂಡಿಸಿದೆ.

17ನೇ ಮನೆ, ರೊಟ್ಟಿ ಮಾಡಿ ಮಾರುತ್ತಿದ್ದ ಒಬ್ಬ ದೊಡ್ಡವ್ವನದು. ಗಂಡ ಇರಲಿಲ್ಲ. ಒಬ್ಬನೇ ಮಗ, ನನ್ನ ವಯಸ್ಸಿನವನು, 22. ಎಸ್ಸೆಸ್ಸೆಲ್ಸಿ ಪಾಸಾಗಿದ್ದ. ಅವನಿಗೆ ಸೊಲ್ಲಾಪುರದ ಚಾದರ ಕಾರ್ಖಾನೆಯಲ್ಲಿ ಕೆಲಸ ನಿಕ್ಕಿ ಆಗಿತ್ತು, ಆ ವಾರವೇ ಹೊರಡುವವನಿದ್ದ. ನಾನು ಹೋದಾಗ ದೊಡ್ಡವ್ವ ರೊಟ್ಟಿ ಬಡಿಯುತ್ತಿದ್ದರು. ಹೆಂಚಿನ ಮೇಲೆ ಒಂದು, ಕೈಯಲ್ಲಿ ಒಂದು. ನಾನು ಹೇಳಿದ್ದನ್ನು ಕೇಳುತ್ತಾ ಕೇಳುತ್ತಾ ಕೈ ನಿಂತೇ ಹೋಯಿತು, ಹೆಂಚಿನ ಮೇಲಿನ ರೊಟ್ಟಿ ಕರಕಲಾಯಿತು. ಸೆರಗಿನ ಗಂಟು ಬಿಚ್ಚಿ ರೊಕ್ಕ ಕೊಟ್ಟರು. ನಾನು ಬರೆದೆ. ಅವರಿಗೆ ಓದಲು ಬರುತ್ತಿರಲಿಲ್ಲ. ನೋಟ್‌ಬುಕ್ಕಿನ ಮೇಲೆ ಬೆರಳಿಟ್ಟು "ತಮ್ಮಾ, ಇದ ಏನ ನನ್ನ ಮಗನ ಹೆಸರು?" ಅಂದರು. "ಹೌದ ದೊಡ್ಡವ್ವಾ" ಅಂದೆ. ಸಾಲಿನ ಮೇಲೆ ಜೋಳದ ಹಿಟ್ಟಿನ ಬೆರಳಚ್ಚು ಮೂಡಿತು. ಪಟ್ಟಿ ಹೊಲಸಾಯಿತು ಅಂತ ಅಂಗಿ ತೋಳಿನಿಂದ ಅದನ್ನು ಒರೆಸಿಬಿಟ್ಟೆ.

ಅವರು ಮಗನನ್ನು ಸೊಲ್ಲಾಪುರಕ್ಕೆ ಕಳಿಸಲಿಲ್ಲ.

ಮುಂದಿನದು ಉದ್ದ ಇಲ್ಲ. ಪಟ್ಟಿಯನ್ನು ಶುದ್ಧವಾಗಿ ಇನ್ನೊಂದು ಪ್ರತಿ ಬರೆದು, ಝೆರಾಕ್ಸ್ ಎಲ್ಲ ರೆಕ್ಸಿನ್ ಚೀಲದಲ್ಲಿ ಹಾಕಿ ಕೊಟ್ಟೆ. ಚುನಾವಣೆ ಮುಗಿಯಿತು. ಮೂರು ತಿಂಗಳಾದ ಮೇಲೆ ಕೇಳಲು ಹೋದರೆ ಆ ಕಾರ್ಯಕರ್ತರು "ಯಾವ ಪಟ್ಟಿ?" ಅಂದರು. ನಾಟಕ ಮಾಡುತ್ತಿರಲಿಲ್ಲ ಅವರು, ನಿಜವಾಗಿಯೂ ಮರೆತಿದ್ದರು.

ದೊಡ್ಡವ್ವ ಮರೆಯಲಿಲ್ಲ. ದಿನಾ ಸಂಜೆ ಕಟ್ಟೆ ಮೇಲೆ ಕೂತಿರುತ್ತಿದ್ದರು. "ತಮ್ಮಾ, ಏನರ ಸುದ್ದಿ ಬಂತೇನ?" ಸಿಟ್ಟಿನಿಂದ ಒಂದು ಸಲವೂ ಕೇಳಲಿಲ್ಲ. ಮೊದಮೊದಲು "ಬರ್ತೈತಿ ದೊಡ್ಡವ್ವಾ" ಅಂದೆ. ಅದು ನನ್ನ ಎರಡನೇ ತಪ್ಪು. ಆಮೇಲೆ ಆ ಸಂದಿ ಬಿಟ್ಟು ಸುತ್ತು ಹಾಕಿ ಮನೆಗೆ ಹೋಗಲು ಶುರು ಮಾಡಿದೆ. ಊರು ಎದ್ದು ನವನಗರಕ್ಕೆ ಬಂದ ಮೇಲೆ ಅವರಿಗೆ ಬೇರೆ ಸೆಕ್ಟರಿನಲ್ಲಿ ಜಾಗ ಸಿಕ್ಕಿತು. ಆ ದಿನ ನನಗೆ ಹಗುರ ಅನಿಸಿತು. ಅವರು ತೀರಿಕೊಂಡಾಗ ಮಣ್ಣಿಗೆ ಹೋಗಿ ಎಲ್ಲರ ಹಿಂದೆ ನಿಂತು ಬಂದೆ.

ಇನ್ನೊಂದು ಮಾತು ನನಗೆ ತೀರಾ ತಡವಾಗಿ ಗೊತ್ತಾಯಿತು. ನೌಕರಿ ಅರ್ಜಿಗಳಲ್ಲಿ "ಯೋಜನಾ ನಿರಾಶ್ರಿತ" ಅಂತ ಒಂದು ಕಾಲಂ ಇರುತ್ತದೆ. ಜಮೀನು, ಮನೆ ಕಳಕೊಂಡವರು ಪ್ರಮಾಣಪತ್ರ ತಗೊಂಡು ಆ ಮೀಸಲಾತಿಯಲ್ಲಿ ಅರ್ಜಿ ಹಾಕಬೇಕು, ಆಯ್ಕೆಯಾದರೆ ಕೆಲಸ. ಯಾವ ಸಾಹೇಬರೂ ಕೊಡುವಂಥದ್ದಲ್ಲ ಅದು. ತಿಳಿದವರು ಆ ಪತ್ರ ಮಾಡಿಸಿಕೊಂಡು ಓದಿ ನೌಕರಿ ಹಿಡಿದರು. ನಮ್ಮ ಓಣಿಯ 41 ಮನೆ ನನ್ನ ಪಟ್ಟಿ ನಂಬಿಕೊಂಡು ಕೂತಿತು. ಇಲ್ಲದ ನೌಕರಿಯ ಆಸೆ ತೋರಿಸಿ, ಇದ್ದ ಹಕ್ಕನ್ನು ಅವರ ಕಣ್ಣಿಗೆ ಬೀಳದ ಹಾಗೆ ಮಾಡಿದೆ ನಾನು. ಭಾಷಣ ಮಾಡಿದವರು ಊರು ಬಿಟ್ಟು ಹೋಗಿದ್ದರು. ಬಾಗಿಲಿಗೆ ಹೋಗಿ ಹೇಳಿ ಬಂದವನು ನಾನು. ದಿನಾ ಆ ಬಾಗಿಲ ಮುಂದೆ ಹಾಯಬೇಕಾದವನೂ ನಾನೇ.

ಭಾನುವಾರ ನೀನು "ನನಗ ಉತ್ತರ ಕರ್ನಾಟಕದ ಭಾಗ ಕೊಟ್ಟಾರ ಅಪ್ಪಾ, 2028ರ ಪ್ರಣಾಳಿಕೆಗೆ ಈಗಿಂದನ ತಯಾರಿ" ಅಂತ ಕಣ್ಣರಳಿಸಿ ಹೇಳಿದಾಗ ನನಗೆ ಕಂಡದ್ದು ಆ ಹಿಟ್ಟಿನ ಬೆರಳು. ನಿನ್ನ ಮೇಲೆ ಸಿಟ್ಟು ಬರಲಿಲ್ಲ, ಅವ್ವಾ. ಹೆದರಿದೆ.

ಈಗ ನಾಲ್ಕು ಮಾತು ಹೇಳ್ತೇನೆ, ಉಪದೇಶ ಅನ್ನಬೇಡ. ಅಥವಾ ಅನ್ನು, ಪರವಾಗಿಲ್ಲ, ಪೂರ್ತಿ ಓದು.

ನಮ್ಮ ಕಡೆ ಯಾವ ಪಕ್ಷ ಬಂದರೂ ಮೊದಲು ಬರೆಯೋದು ಆಲಮಟ್ಟಿ. ಗೇಟು 519.60 ಮೀಟರಿನಿಂದ 524.256ಕ್ಕೆ ಏರಿಸ್ತೀವಿ ಅಂತ. ಕೃಷ್ಣಾ ನೀರು ಹಂಚಿಕೆಯ ನ್ಯಾಯಮಂಡಳಿ ಅದಕ್ಕೆ ಒಪ್ಪಿದ್ದು 2010ರಲ್ಲಿ. 2011ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿನ ಅಧಿಸೂಚನೆ ತಡೆಹಿಡಿಯಿತು. ಅದು ಕೇಂದ್ರದ ಗೆಜೆಟ್‌ನಲ್ಲಿ ಬರಬೇಕು. ಅಂದ ಮೇಲೆ "ನಾವು ಗೆದ್ದರೆ ಗೇಟು ಏರಿಸ್ತೀವಿ" ಅನ್ನೋದು, ಕೀಲಿ ಇನ್ನೊಬ್ಬರ ಹತ್ತಿರ ಇರುವ ಮನೆಯನ್ನು ಬಾಡಿಗೆಗೆ ಕೊಟ್ಟ ಹಾಗೆ. ಆದರೆ 75 ಸಾವಿರ ಎಕರೆಗೂ ಜಾಸ್ತಿ ಜಮೀನು ಮುಳುಗುತ್ತದಲ್ಲ, ಅದರ ಪರಿಹಾರ ರಾಜ್ಯ ಸರ್ಕಾರದ ಕೈಯಲ್ಲಿದೆ. 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ನೀರಾವರಿ ಎಕರೆಗೆ 40 ಲಕ್ಷ, ಒಣಬೇಸಾಯದ ಎಕರೆಗೆ 30 ಲಕ್ಷ ಅಂತ ನಿಗದಿ ಮಾಡಿತು. ಬರೆಯುವುದಾದರೆ ಅದನ್ನು ಬರೆ. ಯಾವ ವರ್ಷ ಎಷ್ಟು ಕೋಟಿ, ಯಾವ ಹಳ್ಳಿಗೆ ಮೊದಲು ಅಂತ ಬರೆ. ಬಾಗಲಕೋಟೆ–ಕುಡಚಿ ರೈಲೂ ಹಾಗೆಯೇ. 142 ಕಿಲೋಮೀಟರ್ ದಾರಿ, 2010-11ರ ಬಜೆಟ್ಟಿನಲ್ಲಿ ಮಂಜೂರಾದದ್ದು. ಆಗಿಂದ ಎಷ್ಟು ಚುನಾವಣೆ ಆ ರೈಲು ಹತ್ತಿ ಬಂದವು, ನೀನೇ ಎಣಿಸು.

ಸಾಲಮನ್ನಾ ಬರೆಯುವ ಮೊದಲು ಹತ್ತು ಸಲ ಯೋಚನೆ ಮಾಡು. 2018ರಲ್ಲಿ ಪೂರ್ತಿ ಮನ್ನಾ ಅಂತ ಪ್ರಚಾರ ಆಯಿತು. ಜುಲೈ ಬಜೆಟ್ಟಿನಲ್ಲಿ ಬಂದದ್ದು 2 ಲಕ್ಷದ ಮಿತಿ, ಅದೂ 2017ರ ಡಿಸೆಂಬರ್ ತನಕ ಬಾಕಿ ಇಟ್ಟವರಿಗೆ. ಕಂತು ಸರಿಯಾಗಿ ಕಟ್ಟಿದವರಿಗೆ ಹೆಚ್ಚೆಂದರೆ 25 ಸಾವಿರ. ನಾನು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು, ನನ್ನ ಮುಂದೆಯೇ ಎಷ್ಟು ರೈತರು "ಹೆಂಗೂ ಮನ್ನಾ ಆಗ್ತೈತಿ" ಅಂತ ಕಂತು ನಿಲ್ಲಿಸಿದರು. ಭಾಷಣಕ್ಕೂ ಆದೇಶಕ್ಕೂ ನಡುವೆ ಇದ್ದ ತಿಂಗಳುಗಳಲ್ಲಿ ಬಡ್ಡಿ ಮಾತ್ರ ನಿಲ್ಲಲಿಲ್ಲ.

ಪ್ರಣಾಳಿಕೆ ಹಿಡಕೊಂಡು ಕೋರ್ಟಿಗೆ ಹೋಗಿ "ಕೊಡ್ರಿ" ಅನ್ನಲು ಬರುವುದಿಲ್ಲ. ನಮ್ಮ ಅಂಗಡಿಯ ಉದ್ರಿ ಚೀಟಿಗೆ ಇರುವ ಬೆಲೆಯೂ ಅದಕ್ಕಿಲ್ಲ. 2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ಪ್ರಣಾಳಿಕೆಯಲ್ಲಿ ಭರವಸೆ ಕೊಡುವುದು ಭ್ರಷ್ಟ ಆಚರಣೆ ಆಗುವುದಿಲ್ಲ ಅಂತ ಹೇಳಿತು. ಅದರ ಜೊತೆಗೇ ಇದಕ್ಕೊಂದು ಮಾರ್ಗಸೂಚಿ ಮಾಡಿ ಅಂತ ಚುನಾವಣಾ ಆಯೋಗಕ್ಕೂ ಹೇಳಿತು. ಈಗ ಮಾದರಿ ನೀತಿ ಸಂಹಿತೆಯಲ್ಲಿ ಅದಕ್ಕೇ ಒಂದು ಭಾಗ ಇದೆ. ಈಡೇರಿಸಲು ಆಗುವ ಭರವಸೆ ಮಾತ್ರ ಕೊಡಬೇಕು, ದುಡ್ಡು ಎಲ್ಲಿಂದ ತರ್ತೀರಿ ಅಂತ ಸ್ಥೂಲವಾಗಿಯಾದರೂ ತೋರಿಸಬೇಕು ಅಂತ. ನಿಮ್ಮ ಆಫೀಸಿನಲ್ಲಿ ಯಾರಾದರೂ "ಜನ ಇಷ್ಟೆಲ್ಲ ಕೇಳಲ್ಲ, ಸುಮ್ನೆ ಬರಿ" ಅಂದರೆ ಆ ಪುಟ ತೆರೆದು ಅವರ ಮುಂದಿಡು. ನೀನು ಸಣ್ಣಾಕಿ ಇದ್ದಾಗಲೂ ಅಂಗಡಿಗೆ ಬಂದು ನನ್ನ ಕೀರ್ದಿಯಲ್ಲಿ ಕೂಡಿಕೆ ತಪ್ಪು ಹುಡುಕುತ್ತಿದ್ದಿ. ಮಾಲಕರ ಎದುರಿಗೇ "ಅಪ್ಪಾ, ಇಲ್ಲಿ ಹತ್ತು ರೂಪಾಯಿ ಜಾಸ್ತಿ ಆಗೈತಿ" ಅಂದಿದ್ದಿ. ನನಗೆ ನಾಚಿಕೆ ಆಗಲಿಲ್ಲ. ಮನೆಗೆ ಬರುವ ತನಕ ನಿನ್ನನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದೆ.

ಅಂಗಡಿ ಅಂದಾಗ ನೆನಪಾಯಿತು. ಅಲ್ಲಿ ನಿನಗೆ ಚೀಲದಿಂದ ಶೇಂಗಾ ಆರಿಸಿ ಕೊಡುತ್ತಿದ್ದ ಹಮಾಲ ಕಾಕಾ ಇದ್ದಾನಲ್ಲ, ಎಡ ಹೆಗಲು ಸ್ವಲ್ಪ ಇಳಿದಿರುವವನು? ಅವನೇ ದೊಡ್ಡವ್ವನ ಮಗ. ಎರಡು ವರ್ಷ ನೌಕರಿಯ ಹಾದಿ ಕಾಯ್ದ. ಅಷ್ಟರಲ್ಲಿ ಸೊಲ್ಲಾಪುರದ ಜಾಗ ಹೋಯಿತು. ಆಮೇಲೆ ಮಾರ್ಕೆಟ್ ಯಾರ್ಡಿಗೆ ಬಂದ. ಅವನ ಹಮಾಲಿ ಲೆಕ್ಕ ಇಪ್ಪತ್ತು ವರ್ಷದಿಂದ ನಾನೇ ಬರೆಯುತ್ತಿದ್ದೇನೆ. ಇವತ್ತಿನ ತನಕ ಅವನು ಆ ಪಟ್ಟಿಯ ಮಾತು ಎತ್ತಿಲ್ಲ. ನಾನೂ ಎತ್ತಿಲ್ಲ.

ನಿನ್ನೆ ಚಹಾ ಕುಡಿಯುವಾಗ ಅವನಿಗೆ ಹೇಳಿದೆ, ಮಗಳು ಬೆಂಗಳೂರಿಗೆ ಹೋದಳು, ಪಕ್ಷಗಳಿಗೆ ಪ್ರಣಾಳಿಕೆ ಬರೆಯುವ ಕಂಪನಿ ಅಂತ. ಅವನ ಮುಖ ಅರಳಿತು. "ಚಲೋ ಆತು ಬಿಡ್ರಿ ಅಣ್ಣಾವ್ರ. ನಮ್ಮ ಹಮಾಲರ ಪಿಂಚಣಿದೂ ಒಂದು ಸಾಲು ಬರಿ ಅನ್ರಿ ನಮ್ಮ ಹುಡುಗಿಗೆ" ಅಂದ. ತಾಯಿಯದೇ ದನಿ. ನನ್ನ ಕೈಯಲ್ಲಿದ್ದ ಕಪ್ಪು ನಡುಗಿತು. ನಾನು ಹೂಂ ಅನ್ನಲಿಲ್ಲ, ಇಲ್ಲ ಅನ್ನಲೂ ಬಾಯಿ ಬರಲಿಲ್ಲ.

ರಾತ್ರಿ ಕೂತು ಸ್ವಲ್ಪ ನೋಡಿದೆ. ಅಸಂಘಟಿತ ಕಾರ್ಮಿಕರಿಗೆ ಅಂತ ಕೇಂದ್ರ ಸರ್ಕಾರ 2019ರಲ್ಲಿ ಒಂದು ಪಿಂಚಣಿ ಯೋಜನೆ ತಂದಿತು. 60 ತುಂಬಿದ ಮೇಲೆ ತಿಂಗಳಿಗೆ 3,000. ಆದರೆ ಸೇರಲು ವಯಸ್ಸು 18ರಿಂದ 40. ಅವನಿಗೆ ಆಗಲೇ 42 ಆಗಿತ್ತು. ಯಾರ್ಡಿನಲ್ಲಿ ಅವನ ಓರಗೆಯವರೆಲ್ಲ ಹಾಗೆಯೇ ಹೊರಗುಳಿದರು. 40 ದಾಟಿದ ಹಮಾಲರಿಗೆ ಏನು ಮಾಡಲು ಬರುತ್ತದೆ, ವಂತಿಗೆ ಯಾರು ಕಟ್ಟಬೇಕು, ಅದಕ್ಕೆ ವರ್ಷಕ್ಕೆ ಎಷ್ಟು ಬೇಕು, ನೀನು ಕೂತು ಲೆಕ್ಕ ಹಾಕು. ನಿನಗೆ ಬರ್ತದೆ. ಆಗುವಂಥದ್ದಾದರೆ ಬರೆ.

ಆ ಹಳೇ ನೋಟ್‌ಬುಕ್ ನನ್ನ ಟ್ರಂಕಿನಲ್ಲೇ ಇತ್ತು. ಶುಕ್ರವಾರ ನಿಮ್ಮ ಮಾಮಾ ಬೆಂಗಳೂರಿಗೆ ಬರುತ್ತಾನೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಜೊತೆಗೆ ನಿಮ್ಮವ್ವ ಅಮೀನಗಡದ ಕರದಂಟು ಇಟ್ಟಿದ್ದಾಳೆ. 17ನೇ ಸಾಲು ನೋಡು. ನಾನು ಒರೆಸಿದ ಕಡೆ ಮಸಿ ಸ್ವಲ್ಪ ಹರಡಿದೆ.

ಪಿಂಚಣಿ ಆಗುವಂಥದ್ದಲ್ಲ ಅಂತ ನಿನಗೆ ಅನಿಸಿದರೆ ಅದನ್ನು ಬರೆಯಬೇಡ. ನನಗೆ ಫೋನ್ ಮಾಡು. ನಿಮ್ಮವ್ವನ ನಂಬರಿಗೆ ಬೇಡ, ನನ್ನ ನಂಬರಿಗೆ. ಈ ಸಲ ನಾನೇ ಹೋಗಿ ಅವನಿಗೆ ಹೇಳುತ್ತೇನೆ.

ನಿನ್ನ ಅಪ್ಪ