ಚೆಂಬೂರಿನ ಗೆಳೆಯನಿಗೆ: ಮ್ಯಾಚ್ ಪ್ಲೇ ಕುರಿತು

ಪ್ರಿಯ ಸುರೇಶ,

ಮಗ ಗಾಲ್ಫ್‌ನ ಆಲ್ ಇಂಡಿಯಾ ಅಮೆಚೂರ್‌ಗೆ, ಅಂದರೆ ಹವ್ಯಾಸಿಗಳ ಚಾಂಪಿಯನ್‌ಶಿಪ್‌ಗೆ, ಹೆಸರು ಕೊಡುತ್ತಾನೆಂದು ಓದಿ ತುಂಬ ಖುಷಿಯಾಯ್ತು. ಹಳೆಯ ವಿಜೇತರ ಪಟ್ಟಿಯಲ್ಲಿ ಸ್ಕೋರೇ ಇಲ್ಲ, ಬರೀ "3 ಅಂಡ್ 2" ಎಂಬಂಥ ಅಂಕಿಗಳಿವೆ, ಏನಿದು ಎಂದು ಕೇಳಿದ್ದೀಯ. ಅವನು ಕಲಿಯಬೇಕಾದ್ದು ಆ ಅಂಕಿಯಲ್ಲೇ ಇದೆ ಮಾರಾಯ. ಟೀ ಎಂಬ ಶುರುವಿನ ಜಾಗದಿಂದ ಗುಂಡಿಗೆ ಚೆಂಡು ಬೀಳುವವರೆಗಿನದು ಒಂದು ಹೋಲ್; ಎರಡು ಹೋಲ್ ಬಾಕಿ ಇರುವಾಗ ಗೆದ್ದವನು ಮೂರು ಹೋಲ್ ಮುಂದಿದ್ದಾನೆ, ಆಟ ಅಲ್ಲಿಗೇ ಮುಗಿಯಿತು ಎಂದರ್ಥ. ಒಟ್ಟು ಎಷ್ಟು ಹೊಡೆತವಾಯಿತು ಎಂಬ ಲೆಕ್ಕ ಅಲ್ಲಿ ಯಾರಿಗೂ ಬೇಡ, ಯಾರು ಎಷ್ಟು ಹೋಲ್ ಗೆದ್ದರು ಎಂಬುದಷ್ಟೇ ಮುಖ್ಯ. ಇದೇ ಮ್ಯಾಚ್ ಪ್ಲೇ.

ಈ ಚಾಂಪಿಯನ್‌ಶಿಪ್ 1892ರಲ್ಲಿ ರಾಯಲ್ ಕಲ್ಕತ್ತ ಗಾಲ್ಫ್ ಕ್ಲಬ್ಬಿನಲ್ಲಿ ಶುರುವಾದದ್ದು. ಆ ಕ್ಲಬ್ 1829ರದು, ಬ್ರಿಟಿಷ್ ದ್ವೀಪಗಳ ಹೊರಗೆ ಅದಕ್ಕಿಂತ ಹಳೆಯದಿಲ್ಲ. ದೇಶದ ಗಾಲ್ಫ್ ಸಂಸ್ಥೆಯಾದ ಇಂಡಿಯನ್ ಗಾಲ್ಫ್ ಯೂನಿಯನ್ ಹುಟ್ಟಿದ್ದು 1955ರಲ್ಲಿ. ಮಗನಿಗೆ ಒಂದೇ ಹೆಸರು ಹೇಳಬೇಕೆಂದರೆ ಪಿ.ಜಿ. ಸೇಠಿಯವರದು ಹೇಳು. ಮ್ಯಾಚ್ ಪ್ಲೇಯಲ್ಲಿ ಪಳಗಿದ ಈ ಅಮೆಚೂರ್, 1965ರ ಇಂಡಿಯನ್ ಓಪನ್‌ನಲ್ಲಿ ಪ್ರೊಫೆಷನಲ್‌ಗಳನ್ನೆಲ್ಲ ಹಿಂದೆ ಹಾಕಿ ಗೆದ್ದರು. ಅದು 72 ಹೋಲ್‌ಗಳ ಸ್ಟ್ರೋಕ್ ಪ್ಲೇ, ಅಂದರೆ ಒಟ್ಟು ಹೊಡೆತ ಎಣಿಸುವ ಆಟ. ಆಮೇಲೆ ಇವತ್ತಿನವರೆಗೆ ಇನ್ನೊಬ್ಬ ಅಮೆಚೂರ್‌ಗೆ ಅದು ಸಾಧ್ಯವಾಗಿಲ್ಲ. ಲಕ್ಷ್ಮಣ್ ಸಿಂಗ್ ಕೂಡ ಅಮೆಚೂರ್ ಆಗಿಯೇ 1982ರ ದಿಲ್ಲಿ ಏಷ್ಯನ್ ಗೇಮ್ಸ್‌ನಲ್ಲಿ ಒಂಟಿಯಾಗಿಯೂ ತಂಡದಲ್ಲಿಯೂ ಚಿನ್ನ ಗೆದ್ದವರು. ಎರಡೂ ಬಗೆಯ ಆಟ ಕೈಗೆ ಹತ್ತಿದವರೇ ಆಲ್ ಇಂಡಿಯಾ ಅಮೆಚೂರ್‌ನಲ್ಲಿ ಉಳಿಯುತ್ತಾರೆ. ಯಾಕೆಂದರೆ ಸಾಂಪ್ರದಾಯಿಕ ಕ್ರಮದಲ್ಲಿ ಮೊದಲು ಸ್ಟ್ರೋಕ್ ಪ್ಲೇ ಅರ್ಹತಾ ಸುತ್ತು, ಆಮೇಲೆ ನಾಕೌಟ್ ಮ್ಯಾಚ್‌ಗಳು, ಕೊನೆಗೆ 36 ಹೋಲ್‌ಗಳ ಫೈನಲ್. ಈ ವರ್ಷದ ಕ್ರಮ ಹೇಗಿದೆಯೆಂದು ಪ್ರವೇಶಪತ್ರದ ಷರತ್ತು ಓದಿಯೇ ಖಚಿತಪಡಿಸಿಕೊಳ್ಳಿ.

ತೊಂದರೆ ಆಗುವುದು ಈ ಬದಲಾವಣೆಯ ಹೊತ್ತಿನಲ್ಲೇ. ಅರ್ಹತಾ ಸುತ್ತಿನಲ್ಲಿ ಪ್ರತಿ ಚೆಂಡೂ ಗುಂಡಿಗೆ ಬೀಳಲೇಬೇಕು. ಜೊತೆಗಾರ "ಸಾಕು, ಎತ್ತಿಕೊ" ಎಂದನೆಂದು ಅರ್ಧ ಅಡಿಯ ಪಟ್ (ಗುಂಡಿಗೆ ಉರುಳಿಸುವ ಹೊಡೆತ) ಆಡದೆ ಚೆಂಡು ಎತ್ತಿಕೊಂಡು, ಅದನ್ನು ಸರಿಪಡಿಸದೆ ಮುಂದಿನ ಟೀಯಿಂದ ಹೊಡೆದರೆ ಡಿಸ್‌ಕ್ವಾಲಿಫೈ. ಮ್ಯಾಚ್ ಪ್ಲೇಯಲ್ಲಿ ಅದೇ ಪಟ್ ಎದುರಾಳಿ ಬಿಟ್ಟುಕೊಟ್ಟರೆ ಹೋಲ್ ಮುಗಿದಂತೆ. ಬಿಟ್ಟುಕೊಟ್ಟದ್ದನ್ನು ವಾಪಸ್ ಕೇಳುವಂತಿಲ್ಲ, ಬೇಡ ಎನ್ನುವಂತೆಯೂ ಇಲ್ಲ. ಆದರೆ ಎದುರಾಳಿ ಏನೋ ಗೊಣಗಿದ, ಕೊಟ್ಟನೇನೋ ಎಂದು ಚೆಂಡಿಗೆ ಕೈ ಹಾಕಬಾರದು. "ಕೊಟ್ಟಿರಾ?" ಎಂದು ಬಾಯಿಬಿಟ್ಟು ಕೇಳಲಿ, ಸಂಕೋಚ ಬೇಡ.

ಇನ್ನೊಂದು ಎಡವಟ್ಟು ಇದಕ್ಕಿಂತ ದೊಡ್ಡದು. ನಿಯಮದಲ್ಲಿ ಅನುಮಾನ ಬಂದಾಗ ಎರಡು ಚೆಂಡು ಆಡಿ, ಯಾವುದು ಲೆಕ್ಕಕ್ಕೆ ಎಂದು ಆಮೇಲೆ ಸಮಿತಿಯನ್ನು ಕೇಳುವುದು ಸ್ಟ್ರೋಕ್ ಪ್ಲೇ ಮಕ್ಕಳಿಗೆ ರೂಢಿ. ಮ್ಯಾಚ್ ಪ್ಲೇಯಲ್ಲಿ ಆ ದಾರಿಯೇ ಇಲ್ಲ. ತಕರಾರು ಇದ್ದರೆ ಇಬ್ಬರಲ್ಲಿ ಯಾರಾದರೂ ಮುಂದಿನ ಟೀಯಿಂದ ಹೊಡೆಯುವ ಮೊದಲೇ "ಇದರ ಮೇಲೆ ತೀರ್ಪು ಕೇಳುತ್ತೇನೆ" ಎಂದು ಎದುರಾಳಿಗೆ ಹೇಳಿರಬೇಕು. ಆಮೇಲೆ ಎದುರಾಳಿ ತಪ್ಪು ಲೆಕ್ಕ ಕೊಟ್ಟದ್ದೋ ಇನ್ಯಾವುದೋ ಹೊಸ ಸಂಗತಿ ತಿಳಿದುಬಂದರೆ ಬೇರೆ ಮಾತು, ಇಲ್ಲದಿದ್ದರೆ ಆ ಹೋಲ್‌ನ ಫಲಿತಾಂಶ ಹಾಗೇ ನಿಲ್ಲುತ್ತದೆ. ಎದುರಾಳಿಯ ಸಣ್ಣ ತಪ್ಪನ್ನು ನಿನ್ನ ಮಗ ಕಂಡೂ ಬಿಟ್ಟುಬಿಡಬಹುದು, ಅದು ಅವನ ಹಕ್ಕು. ಆದರೆ ನಿಯಮ ತಪ್ಪಿದ್ದು ಗೊತ್ತಿದ್ದೂ ಇಬ್ಬರೂ ಸೇರಿ "ಹೋಗಲಿ ಬಿಡು" ಎಂದು ಒಪ್ಪಿಕೊಂಡರೆ ಇಬ್ಬರೂ ಹೊರಗೆ.

ಹೊಡೆತದ ಎಣಿಕೆ ಬಾಯಲ್ಲೇ ಇರಲಿ. ಎದುರಾಳಿ ಕೇಳಿದಾಗ ನಾಲ್ಕನ್ನು ಮೂರು ಎಂದುಬಿಟ್ಟು, ಅವನು ಮುಂದಿನ ಹೊಡೆತ ಆಡುವುದರೊಳಗೆ ತಿದ್ದದಿದ್ದರೆ ಹೋಲ್ ಕೈತಪ್ಪಿತು. ಪೆನಾಲ್ಟಿ ಬಿದ್ದರೆ ಕೇಳುವ ಮೊದಲೇ ತಿಳಿಸಬೇಕು. ಸರದಿ ತಪ್ಪಿ ಹೊಡೆದರೆ ಪೆನಾಲ್ಟಿ ಇಲ್ಲ, ಆದರೆ ಎದುರಾಳಿ ಆ ಹೊಡೆತವನ್ನೇ ರದ್ದು ಮಾಡಬಹುದು. ಹೊಡೆತ ಚೆನ್ನಾಗಿ ಬಿದ್ದಾಗಲೇ ರದ್ದು ಮಾಡುತ್ತಾರೆ, ಅದು ಸಹಜ. ಸರದಿ ಗುಂಡಿಯಿಂದ ದೂರವಿರುವ ಚೆಂಡಿನವನದು, ಹಾಗಾಗಿ ದೂರ ಯಾರದು ಎಂದು ಅನುಮಾನವಿದ್ದರೆ ಹೆಜ್ಜೆ ಹಾಕಿ ನೋಡಿಯೇ ಆಡಲಿ.

ಬ್ಯಾಗಿನಲ್ಲಿ 14 ಕ್ಲಬ್ (ಹೊಡೆಯುವ ಕೋಲು), ಅಷ್ಟೇ. ಮೊದಲ ಟೀಗೆ ಹೋಗುವ ಮುನ್ನ ನೀನೇ ಎಣಿಸಿಬಿಡು. ಹದಿನೈದನೆಯದು ಎರಡನೇ ಹೋಲ್ ಮುಗಿದಾಗ ಕಣ್ಣಿಗೆ ಬಿತ್ತೆಂದು ಇಟ್ಟುಕೊ, ಅವನು ಎರಡು ಹೋಲ್ ಮುಂದಿದ್ದರೂ ದಂಡವಾಗಿ ಅವೆರಡೂ ಕಳೆದು ಮ್ಯಾಚ್ ಸಮ ಆಗಿಬಿಡುತ್ತದೆ.

ಇನ್ನು ಗ್ರೀನ್, ಅಂದರೆ ಗುಂಡಿಯ ಸುತ್ತಲಿನ ನುಣುಪು ಹುಲ್ಲು, ಓದುವುದು. ನಮ್ಮ ಕಡೆಯ ಬರ್ಮುಡಾ ಹುಲ್ಲಿನ ಗ್ರೀನ್‌ಗಳಲ್ಲಿ ಹುಲ್ಲು ಒಂದು ದಿಕ್ಕಿಗೆ ಒರಗಿ ಬೆಳೆಯುತ್ತದೆ. ಚೆಂಡಿನ ಹಿಂದೆ ನಿಂತು ನೋಡಿದಾಗ ಹುಲ್ಲು ಹೊಳೆದರೆ ಅದು ನಿನ್ನಿಂದ ಆಚೆಗೆ ಒರಗಿದೆ, ಚೆಂಡು ಓಡುತ್ತದೆ. ಮಂಕಾಗಿ ಕಡುಹಸಿರಾಗಿ ಕಂಡರೆ ಎದುರು ಹುಲ್ಲು, ಗಟ್ಟಿ ಹೊಡೆಯಬೇಕು. ಬೆಳಕು ಮೋಸ ಮಾಡುವ ಮೋಡದ ದಿನ ಗುಂಡಿಯ ಅಂಚಿಗೆ ಬಗ್ಗಿ ನೋಡಲಿ: ಒಂದು ಬದಿ ಚೂಪಾಗಿ ಕತ್ತರಿಸಿದಂತಿರುತ್ತದೆ, ಇನ್ನೊಂದು ಬದಿ ಸವೆದು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಹುಲ್ಲು ಬೆಳೆಯುತ್ತಿರುವುದು ಆ ಸವೆದ ಬದಿಯ ಕಡೆಗೆ. ಮಧ್ಯಾಹ್ನದ ಹೊತ್ತಿಗೆ ಹುಲ್ಲು ಬೆಳೆದು, ಬೆಳಿಗ್ಗೆಗಿಂತ ಹೆಚ್ಚು ಎಳೆಯುತ್ತದೆ. 36 ಹೋಲ್‌ಗಳ ದಿನ ಬೆಳಗಿನ ಅಂದಾಜನ್ನೇ ನೆಚ್ಚಿಕೊಂಡರೆ ಎರಡನೇ ಸುತ್ತಿನ ಪಟ್‌ಗಳು ಗಿಡ್ಡ ಬೀಳುತ್ತವೆ.

ಚೆಂಬೂರಿನ ಕೋರ್ಸಿನಲ್ಲಿ ಈಗಿನಿಂದಲೇ ವಾರಕ್ಕೆ ಎರಡು ದಿನ ಯಾರೊಡನಾದರೂ ಒಂಟಿಗೊಂಟಿ ಆಡಿಸು, ಸ್ಕೋರ್‌ಕಾರ್ಡ್ ಬರೆಯದೆ, ಹೋಲ್ ಗೆದ್ದದ್ದು ಸೋತದ್ದು ಮಾತ್ರ ಎಣಿಸುತ್ತ. ಸಣ್ಣ ಪಟ್ ಬಿಟ್ಟುಕೊಡಬೇಡ ಎಂದು ಆ ಜೊತೆಗಾರನಿಗೆ ಮೊದಲೇ ಹೇಳಿಡು. ಮೂರು ಅಡಿಯದನ್ನು ಹಾಕಿ ಹಾಕಿಯೇ ಅವನ ಕೈ ಪಳಗಬೇಕು.

ಯಾರಿಗೆ ಯಾರು ಎದುರಾಳಿ ಎಂಬ ಡ್ರಾ ಬಂದ ಕೂಡಲೇ ಕಳಿಸು.

ನಿನ್ನ,
ಪುಣೆಯ ಗೆಳೆಯ