ಬೇಳೆ ಗೋದಾಮಿನಲ್ಲಿ ಹತ್ತು ವರ್ಷ

ಹೋದ ಭಾನುವಾರ ನಮ್ಮ ಪರ್ಫಾರ್ಮೆನ್ಸ್ ಆರ್ಟ್ (ಜನರ ಎದುರು ಮೈಯಿಂದಲೇ ಮಾಡಿ ತೋರಿಸುವ ಕಲೆ) ಗುಂಪಿಗೆ ಹತ್ತು ವರ್ಷ ತುಂಬಿತು. ದೊಡ್ಡ ಕಾರ್ಯಕ್ರಮವೇನೂ ಇಟ್ಟುಕೊಳ್ಳಲಿಲ್ಲ. ಗೋದಾಮು ಗುಡಿಸಿದೆವು, ಸುಸಲಾ ಮಿರ್ಚಿ ತಿಂದು ಚಹಾ ಕುಡಿದು ಮನೆಗೆ ಹೋದೆವು. ಆದರೆ ಕೆಲವರಿಗೆ ಕೈಮುಗಿಯದೆ ಸುಮ್ನೆ ಇರೋದು ಸರಿಯಲ್ಲ ಅಲ್ವಾ?

ಮೊದಲು ಗೋದಾಮಿನ ಸಾಹುಕಾರರಿಗೆ. ಕಲಬುರಗಿಯಲ್ಲಿ ತೊಗರಿ ಬೇಳೆ ಮಿಲ್ಲುಗಳಿಗೆ ಬರವಿಲ್ಲ. ಬಾಡಿಗೆ ಇಲ್ಲದೆ ಗೋದಾಮು ಬಿಟ್ಟುಕೊಡುವ ಮಾಲೀಕರಿಗೆ ಮಾತ್ರ ಬರ. "ಏನ್ ಮಾಡ್ತೀರಿ ಇದ್ರಾಗ?" ಎಂದು ಕೇಳಿದ್ದರು. "ಪರ್ಫಾರ್ಮೆನ್ಸ್ ಆರ್ಟ್ ರೀ." "ನಾಟಕ ಏನು?" "ಅಲ್ರೀ." "ಡ್ಯಾನ್ಸ್?" "ಅದೂ ಅಲ್ರೀ." ಸ್ವಲ್ಪ ಹೊತ್ತು ನಮ್ಮ ಮುಖ ನೋಡಿ ಕೀಲಿ ಕೊಟ್ಟರು. "ಬೆಂಕಿ ಒಂದ್ ಹಚ್ಚಬ್ಯಾಡ್ರಿ, ಮಗ್ಗಲಾಗ ಖಾಲಿ ಚೀಲ ಅವ."

ಸಾಹುಕಾರರೇ, ಆವತ್ತು ಹೇಳಬೇಕಿದ್ದ ಕಥೆ ಇವತ್ತು ಹೇಳುತ್ತೇನೆ. ಜಪಾನಿನ ಜಿರೊ ಯೊಶಿಹಾರಾ ಅಡುಗೆ ಎಣ್ಣೆ ವ್ಯಾಪಾರದ ಮನೆತನದವರು. ಚಿತ್ರವನ್ನೂ ಬರೆಯುತ್ತಿದ್ದರು. 1954ರಲ್ಲಿ ತಮಗಿಂತ ಕಿರಿಯರನ್ನು ಸೇರಿಸಿ ಗುಟಾಯ್ ಎಂಬ ಗುಂಪು ಕಟ್ಟಿದರು. ಹಿಂದೆ ಯಾರೂ ಮಾಡದ್ದನ್ನು ಮಾಡಬೇಕು, ಇದು ಅವರ ಷರತ್ತು. ಮರುವರ್ಷ ಟೋಕಿಯೋದಲ್ಲಿ ಕಜುವೊ ಶಿರಾಗಾ ಕೆಸರಿನ ರಾಶಿಗೆ ಬಿದ್ದು ಅದರ ಜೊತೆ ಕುಸ್ತಿ ಹಿಡಿದರು. ಸಬುರೊ ಮುರಕಾಮಿ ಚೌಕಟ್ಟಿಗೆ ಬಿಗಿದ ಕಾಗದವನ್ನು ಮೈಯಿಂದಲೇ ಹರಿದರು. 1962ರಲ್ಲಿ ಒಸಾಕಾದಲ್ಲಿ ಗುಂಪಿಗೆ ಸ್ವಂತ ಜಾಗವೂ ಆಯಿತು. ಯಾವುದು ಅಂತೀರಿ? ಯೊಶಿಹಾರಾ ಅವರ ಹಳೇ ಗೋದಾಮುಗಳೇ! 1972ರಲ್ಲಿ ಅವರು ತೀರಿಕೊಂಡರು, ಗುಂಪೂ ಮುಗಿಯಿತು. ಅದಕ್ಕೇ ನೀವು ನೂರು ವರ್ಷ ಬಾಳಬೇಕು. (ನಮ್ಮ ಸ್ವಾರ್ಥವೂ ಇದೆ.)

ಶಿರಾಗಾ ಅವರ ಫೋಟೊ ತೋರಿಸಿದ ಡ್ರಾಯಿಂಗ್ ಸರ್‌ಗೆ ನಮಸ್ಕಾರ. ಇದು ಚಿತ್ರಕಲಾವಿದ ಎಸ್.ಎಂ. ಪಂಡಿತರ ಊರು. ಚಿತ್ರ ಅಂದರೆ ಕಣ್ಣು ಮೂಗು ಎದ್ದು ಕಾಣಬೇಕು ಅನ್ನೋ ಜನ. ಅಂಥಲ್ಲಿ ಸರ್ ಕೆಸರಿನ ಫೋಟೊ ತೋರಿಸಿದರು, ನಾವು ಕೆಸರಿಗೇ ಇಳಿದೆವು. ನಮ್ಮದು ಎರೆಮಣ್ಣು. ಹಸಿ ಇದ್ದರೆ ಬಿಡುವುದಿಲ್ಲ, ಒಣಗಿದರೆ ಮೈಕೂದಲು ಕಿತ್ತುಕೊಂಡೇ ಬರುತ್ತದೆ. ಮೇಲೆ ಮೇ ತಿಂಗಳ ಬಿಸಿಲು. ಅರ್ಧ ಗಂಟೆಗೆ ನಮ್ಮ ಗೆಳೆಯ ಒಣಗಿದ ಕೆರೆಯಂಗಳದ ಹಾಗೆ ಬಿರುಕು ಬಿಟ್ಟು ನಿಂತಿದ್ದ. ಎದುರು ಮನೆಯ ಅವ್ವ ಬೈಯುತ್ತಲೇ ಎರಡು ಕೊಡ ನೀರು ಸುರಿದರು. ದಿನಾ ನೀರು ಬಾರದ ಓಣಿ ಅದು. ಅವ್ವಾ, ಆ ಎರಡು ಕೊಡದ ಋಣ ಹಾಗೇ ಇದೆ.

ನಿಜ ಹೇಳಬೇಕಂದ್ರೆ ಅದು ಬರೀ ನಕಲು. ನಮ್ಮದು ಅನ್ನುವಂಥ ಮೊದಲ ಕೆಲಸ ಆಗಿದ್ದು ಹಮಾಲಿ ಕಾಕಾ ಅವರಿಂದ. ನಮ್ಮವನೊಬ್ಬ 50 ಕೆಜಿ ತೊಗರಿ ಚೀಲ ಹೊತ್ತು ಈ ಗೋಡೆಯಿಂದ ಆ ಗೋಡೆಗೆ, ಕಾಲು ಸೋಲುವ ತನಕ ನಡೆಯಬೇಕಿತ್ತು. ನೋಡಲು ಬಂದವರು ಹನ್ನೊಂದು ಜನ. ನಾಲ್ಕನೇ ಸುತ್ತಿಗೆ ಬಾಗಿಲಲ್ಲಿ ಬೀಡಿ ಸೇದುತ್ತಿದ್ದ ಕಾಕಾ ಎದ್ದು ಬಂದರು. "ಹಿಂಗ್ ಹೊತ್ರ ನಡಾ ಹೋಗ್ತದ ತಮ್ಮಾ, ಇಲ್ಲಿ ಕೊಡು." ಟವೆಲ್ ಮಡಚಿ ಹೆಗಲಿಗೆ ಹಾಕಿಕೊಂಡರು. ಮೊಣಕಾಲು ಬಗ್ಗಿಸಿದರು. ಒಂದೇ ಉಸಿರಿಗೆ ಚೀಲ ಬೆನ್ನ ಮೇಲಿತ್ತು. ಚಿಕ್ಕ ಚಿಕ್ಕ ಹೆಜ್ಜೆ, ಅರ್ಧ ಓಟ. ಪಿಟ್ ಅನ್ನದೆ ನೋಡಿದೆವು. ಆರು ಸುತ್ತು ಮುಗಿಸಿ ಚೀಲ ಇಳಿಸಿ, "ಹಮಾಲಿ ಕೊಡ್ರಿ" ಎಂದರು. ತಮಾಷೆಗೆ ಅಲ್ಲ, ನಿಜವಾಗಿಯೇ ಕೇಳಿದ್ದರು. ಕೊಟ್ಟೆವು. ನಮ್ಮ ಗುಂಪಿನಲ್ಲಿ ಸಂಭಾವನೆ ಪಡೆದ ಮೊದಲ ಕಲಾವಿದರು ಅವರೇ.

ಆಮೇಲೆ ಒಂದು ಸಭಾಂಗಣದವರು ಕೊನೇ ಗಳಿಗೆಯಲ್ಲಿ ಬೀಗ ಹಾಕಿದ್ದು, ಕೊರೊನಾದಲ್ಲಿ ಇಬ್ಬರು ಊರು ಬಿಟ್ಟಿದ್ದು ಎಲ್ಲ ಆಯಿತು. ಅವೆಲ್ಲ ಈಗ ಬೇಡ. ಆಗೆಲ್ಲ ರೊಟ್ಟಿ ಬುತ್ತಿ ಕಟ್ಟಿಕೊಟ್ಟ ನಮ್ಮ ಮನೆಯವರಿಗೆ ದೊಡ್ಡ ನಮಸ್ಕಾರ.

ಭಾನುವಾರ ಕಾಕಾನೂ ಬಂದಿದ್ದರು. ಈಗ ಅವರಿಗೆ ಮಂಡಿನೋವು, ಕುರ್ಚಿ ಹಾಕಿ ಕೂರಿಸಿದೆವು. ಚಹಾ ಮುಗಿಸಿ ಆ ಕಡೆ ಈ ಕಡೆ ನೋಡಿದರು. "ಇವತ್ತ ಯಾರೂ ಏನೂ ಹೊರಂಗಿಲ್ಲೇನು?"