ಡೊಂಬಿವಲಿಯಿಂದ ಶೀನನಿಗೆ

ಪ್ರಿಯ ಶೀನ,

ನಿನ್ನ ಫೋನ್ ಎತ್ತಲಿಲ್ಲವೆಂದು ಸಿಟ್ಟಾಗಬೇಡ. ಎರಡು ಕೈಗೂ ಕೆಲಸವಿತ್ತು. ಕೆಲಸ ಕೊಟ್ಟದ್ದು ನೂರು ಗ್ರಾಂ ತೂಗುವ ಬೆಕ್ಕಿನ ಮರಿ ಎಂದರೆ ನೀನು ನಂಬುವುದಿಲ್ಲ. ನನಗೆ 'ಕೊಡೆ' ಎಂಬ ಅಡ್ಡಹೆಸರು ಬಂದ ಕಥೆಯನ್ನೇ ನಂಬದವನು ನೀನು.

ನಮ್ಮ ಕಟ್ಟಡದ ಮೀಟರ್ ಕೋಣೆಯಲ್ಲಿ ಹುಟ್ಟಿದ ಮರಿಗಳಲ್ಲಿ ಉಳಿದದ್ದು ಇದೊಂದೇ. ತಾಯಿ ರಿಕ್ಷಾದಡಿಗೆ ಸಿಕ್ಕಿತೆಂದು ವಾಚ್‌ಮನ್ ಹೇಳಿದ. ಹಸುವಿನ ಹಾಲು ಕೊಟ್ಟರೆ ಭೇದಿಯಾಗುತ್ತದೆ ಎಂದು ಡಾಕ್ಟರಮ್ಮ ಬೆಕ್ಕಿನ ಮರಿಗಳಿಗೆಂದೇ ಬರುವ ಹಾಲಿನ ಪುಡಿ ಬರೆದುಕೊಟ್ಟರು. ಬೆಲೆ ನೋಡಿ ನಿನ್ನ ಅತ್ತಿಗೆ, "ನಿಮ್ಮ ಬಿಪಿ ಮಾತ್ರೆಯೇ ಅಗ್ಗ" ಎಂದಳು. ಆದರೂ ಕೇಕ್‌ಗೆಂದು ತಂದ ತಕ್ಕಡಿಯನ್ನು ಅವಳೇ ಕೊಟ್ಟಳು. ದಿನಕ್ಕೆ ಹತ್ತು ಗ್ರಾಂ ಏರಿದರೆ ನಮ್ಮ ಮನೆಯಲ್ಲಿ ಹಬ್ಬ.

ಎರಡು ಮೂರು ಗಂಟೆಗೊಮ್ಮೆ ಹಾಲು. ಅದಕ್ಕೂ ಮೊದಲು ಮೈ ಬೆಚ್ಚಗಾಗಬೇಕು, ತಣ್ಣಗಾದ ಮರಿಗೆ ಹಾಲು ಜೀರ್ಣವಾಗುವುದಿಲ್ಲ. ಬಿಸಿನೀರಿನ ಬಾಟಲಿಗೆ ನನ್ನ ಹಳೆಯ ಪಂಚೆ ಸುತ್ತಿ ಪಕ್ಕಕ್ಕಿಡುತ್ತೇನೆ. ಮಗುವಿನ ಹಾಗೆ ಅಂಗಾತ ಹಿಡಿದರೆ ಹಾಲು ಶ್ವಾಸಕೋಶಕ್ಕೆ ಇಳಿಯಬಹುದು. ಹೊಟ್ಟೆ ಕೆಳಗೆ ಮಾಡಿಯೇ ಕುಡಿಸಬೇಕು. ಕುಡಿಯುವಾಗ ಮುಂಗಾಲುಗಳಿಂದ ನನ್ನ ಬೆರಳನ್ನು ಒತ್ತುತ್ತದೆ. ಒಂದೊಂದು ಗುಟುಕಿಗೂ ಮಡಚಿದ ಕಿವಿಗಳು ಮಿಡಿಯುತ್ತವೆ. ಆ ಕಿವಿಗೆ ಏನೂ ಕೇಳಿಸದು. ಹುಟ್ಟುವಾಗ ಕಣ್ಣಿನಂತೆ ಕಿವಿಯೂ ಮುಚ್ಚಿರುತ್ತದಂತೆ.

ಎಡವಟ್ಟಾದದ್ದು ಇಲ್ಲಿಯೇ. ಕೊನೆಯ ಲೋಕಲ್ ರೈಲು ಹೋಗಿ ಮೊದಲ ಲೋಕಲ್ ಬರುವ ತನಕದ ಆ ಹೊತ್ತಿನಲ್ಲಿ ನಾನು ಇದರ ಜೊತೆ ಮಾತಾಡತೊಡಗಿದೆ. ಕೇಳಿಸಿಕೊಳ್ಳದವರ ಮುಂದೆ ಮನುಷ್ಯ ಎಷ್ಟು ನಿಜ ಹೇಳುತ್ತಾನೆ ಮಾರಾಯ! ನಿನ್ನ ಮನೆಯ ಪಕ್ಕದ ಹತ್ತು ಸೆಂಟ್ಸ್ ಜಾಗವನ್ನು ಯಾರಿಗೂ ಕೊಡದೆ ನನಗೆಂದು ಇಟ್ಟಿದ್ದೀಯಲ್ಲ, ಪ್ರತಿ ದೀಪಾವಳಿಗೂ ನಾನು "ಬರುವ ವರ್ಷ ಪಾಯ ತೋಡೋಣ" ಎನ್ನುತ್ತೇನಲ್ಲ, ನನಗೆ ಬರುವ ಮನಸ್ಸಿಲ್ಲ ಶೀನ. ಇಲ್ಲಿನ ಸಂಘದ ವೇದಿಕೆಯಲ್ಲಿ ಊರು ಊರು ಎಂದು ಕಣ್ಣೊರೆಸಿಕೊಂಡವನೂ ನಾನೇ, ಚಪ್ಪಾಳೆ ಗಿಟ್ಟಿಸಿದವನೂ ನಾನೇ. ಆದರೆ ಊರಿನಲ್ಲಿ ನನ್ನನ್ನು ಏಕವಚನದಲ್ಲಿ ಕರೆಯುವವನು ಈಗ ನೀನೊಬ್ಬನೇ. ಕಳೆದ ವರ್ಷ ನಿನಗೆ ಸ್ಟೆಂಟ್ ಹಾಕಿದ ಸುದ್ದಿ ಬಂದಾಗ ಮೊದಲು ನೆನಪಾದದ್ದು ನೀನಲ್ಲ, ಆ ಹತ್ತು ಸೆಂಟ್ಸ್. ನೀನಿಲ್ಲದ ಆ ಊರಿನಲ್ಲಿ ಒಬ್ಬನೇ ಮನೆ ಕಟ್ಟಿಕೊಂಡು ಕೂತ ನನ್ನನ್ನೇ ಕಂಡು ಹೆದರಿದೆ. ಆಮೇಲಷ್ಟೇ ನಿನ್ನ ಆಸ್ಪತ್ರೆ ಯಾವುದೆಂದು ವಿಚಾರಿಸಿದೆ.

ಸ್ಟೆಂಟ್ ಹಾಕಿಸಿಕೊಂಡವನಿಗೆ ಹೀಗೆಲ್ಲ ಬರೆಯುತ್ತಾರೆಯೇ? ಅದೂ ಊರೆಲ್ಲ ಓದುವ ಜಾಗದಲ್ಲಿ! ನಾಲ್ಕು ಮಂದಿ 'ಹೃದಯಸ್ಪರ್ಶಿ' ಎನ್ನುತ್ತಾರೆ, ಗೋಲಿಸೋಡಾ ಮಾಸ್ತರರು ಕಾಗುಣಿತ ತಿದ್ದುತ್ತಾರೆ. ನೀನು ಮಾತ್ರ ಫೋನ್ ಮಾಡಿ ಬಯ್ಯು, ಈ ಸಲ ಎತ್ತುತ್ತೇನೆ.

ಮರಿಗೆ ನಿನ್ನ ಹೆಸರಿಡುವ ಯೋಚನೆಯಿತ್ತು, ಅದು ಹೆಣ್ಣಂತೆ. ಈಗ ಅದರ ಹೊಟ್ಟೆ ತುಂಬಿದೆ. ಬೆಚ್ಚನೆಯ ಒದ್ದೆ ಹತ್ತಿಯಿಂದ ಒರೆಸಿ ಉಚ್ಚೆ ಹೊಯ್ಯಿಸಬೇಕು, ತಾನಾಗಿ ಮಾಡಲು ಅದಕ್ಕಿನ್ನೂ ಬಾರದು. ಮೂವತ್ತೆರಡು ವರ್ಷದ ಬ್ಯಾಂಕ್ ಸೇವೆಯ ಬಳಿಕ ದೊರೆತ ಬಡ್ತಿ ಇದು.

ಆ ಜಾಗದಲ್ಲಿ ಸದ್ಯಕ್ಕೆ ಬಸಳೆ ಚಪ್ಪರ ಹಾಕಿಬಿಡು. ಬಾಡಿಗೆ ಕೇಳುವುದಿಲ್ಲ.

ನಿನ್ನ,
ಕೊಡೆ